ಕಂಟ್ರೋಲರ್ ಸಾಹೇಬರ ಜೆಟ್

ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದಲ್ಲಿ ಈಗ ಬಸ್ಸುಗಳ ಹೆಸರು ಕೂಗುವುದು ಯಂತ್ರದ ಹೆಣ್ಣುದನಿ. "ಪ್ರಯಾಣಿಕರ ಗಮನಕ್ಕೆ" ಎಂದು ಶುರುವಾಗಿ "ನಿಮ್ಮ ಪ್ರಯಾಣ ಸುಖಕರವಾಗಿರಲಿ" ಎಂದು ಮುಗಿಯುವ, ಒಂದು ಒತ್ತಕ್ಷರವೂ ತಪ್ಪದ ಕನ್ನಡ. ಅದು ಯಾರನ್ನೂ ಬೈಯುವುದಿಲ್ಲ. ಅದಕ್ಕೇ ಏನೋ, ಯಾರೂ ಅದರ ಮಾತಿಗೆ ಕಿವಿಗೊಡುವುದೂ ಇಲ್ಲ.

ನಾನು ಕೊಟ್ಟೂರಿನ ಹೈಸ್ಕೂಲಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ಕನ್ನಡ ಟೀಚರು. ನಾನು ಕೆಲಸಕ್ಕೆ ಸೇರಿದ ಕಾಲಕ್ಕೆ ಆ ಮೈಕು ಒಬ್ಬ ಮನುಷ್ಯನ ಕೈಯಲ್ಲಿತ್ತು. ಬಂದ ಬಸ್ಸು, ಹೋದ ಬಸ್ಸಿನ ಲೆಕ್ಕ ಇಟ್ಟು, ಯಾವುದು ಎಲ್ಲಿ ನಿಲ್ಲಬೇಕೆಂದು ಹೇಳಿ, ಜನರನ್ನು ಕೂಗಿ ಹತ್ತಿಸುವ ಕೆಲಸ ಅವರದು. ಎಲ್ಲರೂ ಕಂಟ್ರೋಲರ್ ಸಾಹೇಬರು ಅನ್ನುತ್ತಿದ್ದರು, ನಾನೂ ಅಂದೆ. ನಮ್ಮದೇ ಓಣಿಯಲ್ಲಿ ಅವರ ಮನೆ ಇದ್ದರೂ ಆ ಹೆಸರೇ ಸಾಕಾಗಿತ್ತು.

ಅವರು ಮೈಕ್ ಹಿಡಿದರೆ ನಿಲ್ದಾಣದಲ್ಲಿ ಯಾರೂ ಕಳೆದುಹೋಗುವ ಪ್ರಶ್ನೆಯೇ ಇರಲಿಲ್ಲ. "ಏ ಕೆಂಪು ಟವಲ್ಲು, ಕೂಡ್ಲಿಗಿ ಬಸ್ಸು ನಿನ್ನ ಬೆನ್ನ ಹಿಂದ ಐತಿ, ಒಂದೀಟು ತಿರುಗಿ ನೋಡಪಾ. ಹಡಗಲಿ ಹೂವಿನ ಬುಟ್ಟಿ ಯಾರ್ದವ್ವಾ? ಬುಟ್ಟಿ ಬಸ್ಸು ಹತ್ತಿ ಕುಂತೈತಿ, ನೀ ಇನ್ನಾ ಚಾ ಕುಡಿಯಾಕತ್ತೀಯಲ್ಲ!" ನಾನು ಚಪ್ಪಲಿ ಸರಿಮಾಡಿಕೊಳ್ಳುತ್ತಾ ಓಡಿ ಬರುವ ದಿನಗಳಲ್ಲಿ "ಕೊಟ್ಟೂರು ಬಸ್ಸು ಟೀಚರಮ್ಮಗಾಗಿ ನಿಂತೈತಿ, ಹುಡುಗರು ಪಾಠ ಇಲ್ಲಂತ ಖುಷಿ ಪಡೂದು ಬ್ಯಾಡ" ಎಂದು ಇಡೀ ಊರಿಗೆ ಸಾರುತ್ತಿದ್ದರು. ಮುಖ ಕೆಂಪಾದರೂ ಒಳಗೊಳಗೇ ಹಿತವಾಗುತ್ತಿತ್ತು. ಅಷ್ಟು ದೊಡ್ಡ ದನಿಯಲ್ಲಿ ನನಗಾಗಿ ಯಾರೂ ಬಸ್ಸು ನಿಲ್ಲಿಸಿರಲಿಲ್ಲ.

ಹೊರಟ ಪ್ರತಿ ಬಸ್ಸಿಗೂ ಕಿಟಕಿಯಿಂದ ಕೈ ಎತ್ತಿ "ಹೋಗಿ ಬರ್ರಿ" ಅನ್ನುವುದು ಅವರ ರೂಢಿ. ವಾಪಸು ಬಂದ ಬಸ್ಸಿನ ಡ್ರೈವರು ಆ ಕಿಟಕಿಯಲ್ಲಿ ತಲೆ ಹಾಕಿ "ಬಂತ್ರಿ" ಅನ್ನಲೇಬೇಕು. ಬಸ್ಸು ಕಣ್ಣೆದುರೇ ನಿಂತಿರಲಿ, ಬಾಯಿಂದ ಮಾತು ಬೀಳಬೇಕು. ದಿನದ ಕೊನೆಯ "ಬಂತ್ರಿ" ಕೇಳದೆ ಅವರು ಮನೆಗೆ ಹೋದವರಲ್ಲ. ಒಮ್ಮೆ ನಾನೇ ಕೇಳಿದೆ, ಬಸ್ಸು ಕಾಣುತ್ತಿರುವಾಗ ಹೇಳಿಸುವುದೇಕೆ ಎಂದು.

"ಕಳಿಸೂದು ದೊಡ್ಡದಲ್ರಿ ಟೀಚರಮ್ಮ. ಕಳಿಸಾಕ ಯಾರೂ ಕಳಿಸ್ತಾರ. ಬಂತು ಅನ್ನೂದು ಕಿವಿಗಿ ಬಿದ್ದಾಗ ಕಳಿಸಿದ್ದು ಪೂರಾ ಆಗ್ತೈತಿ."

ಇಂಥ ಮನುಷ್ಯ ನಿವೃತ್ತರಾದರೆ ಏನು ಮಾಡುತ್ತಾರೆ? ಮನೆಯಲ್ಲಿ ಕೂತು ಹೆಂಡತಿಯ ತಲೆ ತಿನ್ನುತ್ತಾರೆ ಎಂದುಕೊಂಡಿದ್ದೆ. ಅವರ ಹೆಂಡತಿಯೂ ಹಾಗೇ ಅಂದುಕೊಂಡಿದ್ದರು. ನಾನು ಅಕ್ಕಾ ಎಂದು ಕರೆಯುವ ಆಕೆ ಕೌದಿ ಹೊಲಿಯುವುದರಲ್ಲಿ ಎತ್ತಿದ ಕೈ. ಹಳೆ ಸೀರೆ, ಧೋತರ, ಏನು ಕೊಟ್ಟರೂ ತುಂಡು ಜೋಡಿಸಿ, ಒತ್ತೊತ್ತಾಗಿ ಟಾಕು ಹಾಕಿ ಹೊದೆಯಲು ಆಸೆಯಾಗುವಂತೆ ಮಾಡುತ್ತಿದ್ದರು. "ಇನ್ನ ಮ್ಯಾಲ ಮನ್ಯಾಗ ಮೈಕ್ ಚಾಲೂ ಆಗ್ತೈತಿ ನೋಡವ್ವಾ" ಎಂದು ನನ್ನ ಮುಂದೆ ನಿಟ್ಟುಸಿರು ಬಿಟ್ಟಿದ್ದರು. ಆದರೆ ಅಷ್ಟರಲ್ಲಿ ಮನೆಗೆ ಜೆಟ್ಟು ಬಂತು.

ನಮ್ಮ ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸುವ ಕೆಲಸಕ್ಕೆ ಬಂದಿದ್ದ ಎಂಜಿನಿಯರೊಬ್ಬರು ಸಾಹೇಬರ ಮಾಳಿಗೆಯ ಕೋಣೆಯಲ್ಲಿ ಬಾಡಿಗೆಗಿದ್ದರು. ವರ್ಗವಾಗಿ ಹೋಗುವಾಗ ಮೂಗು ಮುರಿದ ಒಂದು ಆಟದ ವಿಮಾನವನ್ನು, ಅದರ ರಿಮೋಟಿನ ಸಮೇತ ಬಿಟ್ಟುಹೋದರು. ಬಿಳಿ ಫೋಮಿನದು. ತೋಳುದ್ದ ಮೈ, ಹಿಂದಕ್ಕೆ ಬಾಗಿದ ರೆಕ್ಕೆ, ಥೇಟು ಯುದ್ಧವಿಮಾನದ ಗತ್ತು. ಆದರೆ ಒಳಗೆ ಎಂಜಿನ್ ಇಲ್ಲ, ಮುಂದೆ ಫ್ಯಾನಿಲ್ಲ. ಸಣ್ಣದೊಂದು ಬ್ಯಾಟರಿ, ರಿಮೋಟಿನ ಮಾತು ಕೇಳುವ ಒಂದು ಡಬ್ಬಿ, ರೆಕ್ಕೆಯ ಹಿಂಬದಿಯ ಪಟ್ಟಿಗಳನ್ನು ಏರಿಳಿಸುವ ಹೆಬ್ಬೆರಳಿನಷ್ಟು ಎರಡು ಮೋಟಾರು, ಇಷ್ಟೇ. ಸಾಹೇಬರು ಮೂಗು ಅಂಟಿಸಿ, ಅದನ್ನು ಎತ್ತಿಕೊಂಡು ನಮ್ಮ ಮನೆಗೇ ಬಂದರು.

"ಎಂಜಿನ್ ಇಲ್ಲದ ಜೆಟ್ಟು ಹೆಂಗ ಹಾರ್ತದ್ರೀ?" ಎಂದು ನಕ್ಕೆ.

"ಇಳಿಜಾರಿನ್ಯಾಗ ಬಸ್ಸನ್ನ ನ್ಯೂಟ್ರಲ್ ಮಾಡಿ ಬಿಟ್ರ ಓಡ್ತೈತಿಲ್ರಿ? ಇದೂ ಹಂಗ. ಗಾಳಿ ಮ್ಯಾಲ ಇಳಕೋಂತ ಹೋಗ್ತೈತಿ. ಆದರ ಗುಡ್ಡಕ್ಕ ಬಡದ ಗಾಳಿ ಮ್ಯಾಲಕ ಏಳ್ತೈತಲ್ಲ, ಹಿಂಗಾಗಿ ಇಲ್ಲಿ ಇಳಿಜಾರೇ ಮ್ಯಾಲ ಹೊಂಟಿರ್ತೈತಿ!"

ಇಳಿಜಾರೇ ಮೇಲೆ ಹೊರಡುವುದು! ಇಷ್ಟು ವರ್ಷ ಕನ್ನಡ ಪಾಠ ಮಾಡಿದ ನನ್ನ ಬಾಯಲ್ಲಿ ಇಂಥ ಒಂದು ಮಾತು ಬಂದಿಲ್ಲವಲ್ಲ ಎಂದು ಹೊಟ್ಟೆಕಿಚ್ಚಾಯಿತು.

ಊರಾಚೆಗಿನ ಬೋಳುಗುಡ್ಡದ ನೆತ್ತಿಯಲ್ಲಿ ಹರಪನಹಳ್ಳಿ ಕಡೆ ಮುಖ ಮಾಡಿ ನಿಂತರೆ ಎದುರಿಗೆ ಬಯಲೋ ಬಯಲು. ಆಷಾಢದಲ್ಲಿ ಮಳೆ ನಮಗೆ ಕೈ ಕೊಟ್ಟರೂ ಗಾಳಿ ಕೈ ಕೊಡುವುದಿಲ್ಲ. ಆ ಬಯಲಿನ ಗುಂಟ ಎದ್ದು ಬಂದು ಗುಡ್ಡಕ್ಕೆ ಗುದ್ದಿ, ನಿಂತವರ ಸೆರಗು, ಟವೆಲು ಎಲ್ಲ ಆಕಾಶಕ್ಕೆ ಎತ್ತುತ್ತದೆ. ಸಾಹೇಬರು ಅದಕ್ಕೆ ಹರಪನಹಳ್ಳಿ ಗಾಳಿ ಎಂದೇ ಹೆಸರಿಟ್ಟರು. ಜೆಟ್ಟನ್ನು ತಲೆಯ ಮೇಲೆ ಹಿಡಿದು, ಗಾಳಿ ಅದನ್ನು ಎಳೆಯುವವರೆಗೆ ಕಾದು, "ಹೋಗಿ ಬಾ" ಎಂದು ಎಸೆಯುತ್ತಿದ್ದರು. ಅದು ಒಂದು ಗಳಿಗೆ ತಗ್ಗಿ, ಗಾಳಿ ಹಿಡಿದು, ಸುಯ್ ಎಂದು ಮೇಲೇಳುತ್ತಿತ್ತು. ಮೊದಲ ಸಲ ನೋಡಿದಾಗ ನನ್ನ ಎದೆಯೂ ಅದರ ಜೊತೆಗೆ ತಗ್ಗಿ ಎದ್ದಿತು.

ಹಾರಿಸುವುದೇನೋ ಸರಿ, ಇಳಿಸುವುದೆಲ್ಲಿ? ಗುಡ್ಡದ ಮೇಲೆ ಬರೀ ಕಲ್ಲು. ಮೊದಮೊದಲು ಪ್ರತಿ ಇಳಿತಕ್ಕೂ ಏನಾದರೂ ಮುರಿಯುತ್ತಿತ್ತು. ಅವರ ಪಡಸಾಲೆ ವಿಮಾನದ ದವಾಖಾನೆಯಾಯಿತು. ಬಿರುಕಿಗೆ ಬಿದಿರಿನ ಸೀಳು ಸೇರಿಸಿ ಅಂಟು ಹಾಕುವುದು, ಅಂಟು ಒಣಗುವವರೆಗೆ ಅಕ್ಕನ ದಾರದಿಂದ ಬಿಗಿಯುವುದು, ರೆಕ್ಕೆಯ ಕೆಳಗೆ ಎರಡು ಬೆರಳು ಕೊಟ್ಟು ತೂಕ ನೋಡುವುದು, ಮೂಗು ಹಗುರಾದರೆ ಟಯರ್ ಅಂಗಡಿಯಿಂದ ತಂದ ಸೀಸದ ತುಂಡು ತುರುಕುವುದು. ಕೊನೆಗೊಂದು ದಿನ ಅಕ್ಕನಿಗೆ ಹೇಳದೆ ಮನೆಯ ದೊಡ್ಡ ಕೌದಿಯನ್ನೇ ಹೊತ್ತೊಯ್ದು, ನೆತ್ತಿಯ ಹಿಂದಿನ ತಂಗಡಿ ಗಿಡಗಳ ಮೇಲೆ ಹಾಸಿದರು. ಜೆಟ್ಟು ಬಂದು ಅದರ ಮೇಲೆ ಕೂಸಿನ ಹಾಗೆ ಮಲಗಿತು. ಕೌದಿಗೆ ಹತ್ತಿದ ಕಸಕಡ್ಡಿ ಆರಿಸುತ್ತಾ ಅಕ್ಕ ಕೂಗಾಡಿದ್ದು ನಮ್ಮ ಮನೆಯವರೆಗೂ ಕೇಳಿಸಿತು. "ಮಂದಿ ಮಲಗಾಕ ಹೊಲಿದೀನಿ, ನಿಮ್ಮ ಇಮಾನಕ್ಕಲ್ಲ!" ಮುಂದಿನ ರವಿವಾರದಿಂದ ಅಕ್ಕ ಕೌದಿಯನ್ನು ಯಾರ ಕೈಗೂ ಕೊಡದೆ ತಾವೇ ಹೊತ್ತು ಗುಡ್ಡ ಹತ್ತತೊಡಗಿದರು. ಜೊತೆಗೆ ಒಗ್ಗರಣೆ ಮಂಡಕ್ಕಿ, ಮಿರ್ಚಿ, ಚಹಾದ ಫ್ಲಾಸ್ಕು. ನನಗೂ ಅದೇ ರವಿವಾರದ ರೂಢಿಯಾಯಿತು. ಜೆಟ್ಟಿಗಾಗಿ ಎಷ್ಟು, ಮಿರ್ಚಿಗಾಗಿ ಎಷ್ಟು ಎಂದು ಈಗ ಹೇಳಲಾರೆ. ಬಿಳಿ ಜೆಟ್ಟಿನಲ್ಲೇ ನನಗೂ ಹಾರಿಸಲು ಕಲಿಸಿದರು. ಹೋಗುವಾಗ ಸುಲಭ, ನಮ್ಮ ಕಡೆ ಮುಖ ಮಾಡಿ ಬರುವಾಗ ಅದರ ಎಡ ನಮ್ಮ ಬಲವಾಗುತ್ತದೆ. ಅದನ್ನು ಕಲಿಯುವುದರಲ್ಲಿ ಬಡ ಜೆಟ್ಟಿನ ಮೂಗು ಎಷ್ಟು ಸಲ ಮುರಿಯಿತೋ. ಸಾಹೇಬರು ಒಮ್ಮೆಯೂ ಬೇಸರ ಮಾಡಲಿಲ್ಲ. "ಮೂಗು ಐತಿ ಅಂದಮ್ಯಾಲ ಮುರಿಯೂದೇ" ಅನ್ನುತ್ತಿದ್ದರು.

ಆಮೇಲೆ ಅವರಿಗೆ ತಾವೇ ಒಂದು ಕಟ್ಟಬೇಕೆಂಬ ಹುಚ್ಚು ಹತ್ತಿತು. ಹಡಗಲಿಯ ಮಲ್ಲಿಗೆ ವ್ಯಾಪಾರಿಯೊಬ್ಬರು ಹಳೆಯ ಪರಿಚಯದವರು. ಅವರಿಂದ ಹೂವು ತುಂಬಿ ಕಳಿಸುವ ಥರ್ಮೋಕೋಲ್ ಪೆಟ್ಟಿಗೆಗಳು ಬಂದವು. ಕೆಟ್ಟ ಇಸ್ತ್ರಿಪೆಟ್ಟಿಗೆಯ ತಂತಿಯನ್ನು ಬಿಲ್ಲಿಗೆ ಕಟ್ಟಿ, ಕಾಯಿಸಿ, ಅದರಿಂದ ರೆಕ್ಕೆ ಕೊಯ್ದರು. ರೆಕ್ಕೆಯ ಅಚ್ಚನ್ನು ಬಸ್ಸಿನ ಹಳೆಯ ತಗಡಿನ ಬೋರ್ಡಿನಿಂದ ಕತ್ತರಿಸಿದ್ದರು, ಅದರ ಮೇಲೆ ಹಿರೇಹಡಗಲಿ ಎಂಬ ಅಕ್ಷರಗಳ ಅರ್ಧ ಇನ್ನೂ ಉಳಿದಿತ್ತು. ಕೊಯ್ಯುವಾಗ ಸುಟ್ಟ ವಾಸನೆಯ ಹಿಂದೆಯೇ ಸಣ್ಣಗೆ ಮಲ್ಲಿಗೆಯ ವಾಸನೆ ಏಳುತ್ತಿತ್ತು. ನನಗೆ ಬರೀ ಭ್ರಮೆಯೋ ಎಂದುಕೊಂಡರೆ ಅಕ್ಕನೂ ಮೂಗರಳಿಸಿ "ಮದುವಿ ಮನಿಯಂಗ ಆಗೇತಿ" ಅಂದರು. ಮೈಗೆಲ್ಲ ಖಾಕಿ ಕಾಗದ ಅಂಟಿಸಿ, ಬಸ್ಸಿನ ಕೆಂಪು ಬಣ್ಣ ಬಳಿದು, ಮೂಗಿನ ಮೇಲೆ ಬಿಳಿಯಲ್ಲಿ "ತಡೆರಹಿತ" ಎಂದು ಬರೆದರು.

ಆ ಕೆಲಸ ಯಾಕೋ ನಿಧಾನವಾಗಿತ್ತು. ಎರಡು ರೆಕ್ಕೆಯನ್ನೂ ಕಣ್ಣಲ್ಲಿ ನೋಡುವ ಬದಲು ಬೆರಳಿನಿಂದ ಸವರಿ ಸವರಿ ಹೋಲಿಸುತ್ತಿದ್ದರು. ವಯಸ್ಸಿನ ನಾಜೂಕು ಅಂದುಕೊಂಡೆ.

ನಿವೃತ್ತಿಯ ನಂತರವೂ ಬೆಳಿಗ್ಗೆ ಅವರು ನಿಲ್ದಾಣಕ್ಕೆ ಬಂದು ಕಲ್ಲುಬೆಂಚಿನ ಮೇಲೆ ಕೂರುತ್ತಿದ್ದರು. ಯಂತ್ರದ ದನಿ ಕೇಳದವರು ಅವರನ್ನೇ ಕೇಳುತ್ತಿದ್ದರು. ಒಂದು ದಿನ ಕೊಟ್ಟೂರು ಬಸ್ಸಿನಲ್ಲಿ ನನ್ನ ಪಕ್ಕ ಕೂತ ಅಜ್ಜಿ ಕೂಡ್ಲಿಗಿಗೆ ಚೀಟಿ ಕೇಳಿದಳು. ಕಂಡಕ್ಟರು ಇದು ಕೊಟ್ಟೂರಿನದು ಅಂದರೆ ನಂಬಲೊಲ್ಲಳು. "ಕಂಟ್ರೋಲರ್ ಸಾಹೇಬ್ರೇ ಹತ್ತಿಸ್ಯಾರ, ನಿಂದೇ ತಪ್ಪಿರಬೇಕು" ಎಂದು ಅವನಿಗೇ ಗದರಿದಳು. ಕೊಟ್ಟೂರಿನಲ್ಲಿ ಇಳಿಸಿ, ಕೂಡ್ಲಿಗಿ ಬಸ್ಸಿಗೆ ಹತ್ತಿಸಿ, ಶಾಲೆಗೆ ಹೋದೆ.

ಸಂಜೆ ನನ್ನ ಬಸ್ಸು ಬಂದಾಗ ಅವರು ಅದೇ ಬೆಂಚಿನ ಮೇಲಿದ್ದರು. ಬೆಳಗಿನಿಂದ ಎದ್ದಿರಲಿಲ್ಲವೆಂದು ಚಹಾದವನು ಹೇಳಿದ. ಅಜ್ಜಿಯನ್ನು ಹತ್ತಿಸಿದ್ದು ಕೊಟ್ಟೂರು ಬಸ್ಸಿಗೆಂದು, ಅದು ಹೊರಟ ಮೇಲೆ ಯಾರೋ ಅವರಿಗೆ ತಿಳಿಸಿದ್ದರಂತೆ.

"ಅಜ್ಜಿ ಮುಟ್ಟಿದಳೇನ್ರಿ?"

"ಮುಟ್ಟಿರ್ತಾಳ್ರಿ. ನಾನೇ ಕೂಡ್ಲಿಗಿ ಬಸ್ಸಿಗಿ ಹತ್ತಿಸೀನಿ."

ಅವರು ಕೈಮುಗಿದರು. ನನಗೆ ಮುಜುಗರವಾಯಿತು. ಆಮೇಲೆ ಹೇಳಿದರು, "ಬೋರ್ಡು ಕಾಣಲಿಲ್ರಿ ಟೀಚರಮ್ಮ." ಕಣ್ಣಿನೊಳಗಿನ ಒತ್ತಡದ ರೋಗ. ಅಂಚಿನಿಂದ ಕತ್ತಲು ಒಳಗೆ ಬರುತ್ತಿದೆ, ನಡುವೆ ಒಂದು ಕಿಂಡಿಯಷ್ಟು ಉಳಿದಿದೆ, ಅದೂ ಮಂಜು. ಹನಿ ಹಾಕಿದರೆ ನಿಧಾನವಾಗಬಹುದು, ಹೋದದ್ದು ಬಾರದು ಎಂದು ದಾವಣಗೆರೆಯ ಡಾಕ್ಟರು ಹೇಳಿದ್ದರು. ಅಕ್ಕನಿಗೆ ಹೇಳಿರಲಿಲ್ಲ.

"ಆಕೀಗಿ ಹೇಳಬ್ಯಾಡ್ರಿ. ಗೊತ್ತಾದ್ರ ಗುಡ್ಡ ಹತ್ತಾಕ ಬಿಡಾಂಗಿಲ್ಲ. ಕೆಂಪು ಜೆಟ್ಟು ಇನ್ನಾ ಹಾರಿಲ್ರಿ. ಒಮ್ಮಿ ಕಳಿಸಿ, ವಾಪಸು ಕೌದಿ ಮ್ಯಾಲ ಇಳಿಸಿಬಿಟ್ರ ಸಾಕು. ಆಮ್ಯಾಲ ಏನ್ ಬೇಕಾದ್ದು ಆಗ್ಲಿ."

ಬೇರೆ ಯಾವುದಕ್ಕಾದರೂ ಬುದ್ಧಿ ಹೇಳುತ್ತಿದ್ದೆ. ಇದಕ್ಕೆ ಹೇಳಲಾಗಲಿಲ್ಲ. ಅವರ ಕಣ್ಣು ನಾನಾಗುವುದೆಂದು ಮಾತಾಯಿತು.

ಹೇಳಿದಷ್ಟು ಸುಲಭವಿರಲಿಲ್ಲ. ಬಿಳಿ ಜೆಟ್ಟಿನಲ್ಲಿ ಮೊದಲು ನೋಡೋಣವೆಂದು ಹೊರಟೆವು. ಅದು ನಮ್ಮ ಕಡೆ ಬರುವಾಗ ನಾನು "ಎಡಕ್ಕ, ಎಡಕ್ಕ!" ಎಂದು ಕೂಗಿದೆ. "ಯಾರ ಎಡಕ್ರಿ? ನಂದೋ ಅದರದೋ?" ಎಂದು ಅವರು ಕೇಳಿ ಮುಗಿಸುವಷ್ಟರಲ್ಲಿ ಅದು ಬಂಡೆಗೆ ಬಡಿದು ಎರಡು ಹೋಳಾಯಿತು. ಹೋಳುಗಳನ್ನು ತೊಡೆಯ ಮೇಲಿಟ್ಟುಕೊಂಡು ಅವರು ಬಹಳ ಹೊತ್ತು ಗಾಳಿಗೆ ಮುಖ ಕೊಟ್ಟು ಕೂತರು. ಆಮೇಲೆ ತಟ್ಟನೆ ನಗತೊಡಗಿದರು.

"ಹುಚ್ಚರದೀವ್ರಿ ಇಬ್ರೂ! ನಾ ಎಂದಾರ ಎಡಕ್ಕ ಹೋಗೋ ಬಸ್ಸು, ಬಲಕ್ಕ ಹೋಗೋ ಬಸ್ಸು ಅಂತ ಕೂಗೀನೇನು? ಊರು ಹೇಳ್ರಿ, ಊರು!"

ಹರಪನಹಳ್ಳಿಗೆ ಮುಖ ಮಾಡಿ ನಿಂತರೆ ಬಲಗೈ ಕಡೆ ಹಡಗಲಿ, ಎಡಗೈ ಕಡೆ ಕೊಟ್ಟೂರು, ಇನ್ನೂ ಎಡಕ್ಕೆ ಹೋದರೆ ಕೂಡ್ಲಿಗಿ. ಬೆನ್ನಿಗೆ ಹೊಸಪೇಟೆ. ನೆತ್ತಿ ದಾಟಿ ಹೊಸಪೇಟೆ ಕಡೆ ಬಹಳ ಹೋಗುವಂತಿಲ್ಲ, ಅಲ್ಲಿ ಗಾಳಿ ಸುಳಿದು ಕೆಳಕ್ಕೆ ಒಗೆಯುತ್ತದೆ. ಕೌದಿ ಇದ್ದದ್ದು ಆ ಗಡಿಯಲ್ಲೇ. ಜೆಟ್ಟು ಎತ್ತ ಮುಖ ಮಾಡಿದ್ದರೂ ಊರುಗಳು ಇದ್ದಲ್ಲೇ ಇರುತ್ತವೆ. ಅವರು ಜೀವಮಾನವಿಡೀ ಬಸ್ಸು ಕಳಿಸಿದ ಊರುಗಳು, ಕಣ್ಣು ಮುಚ್ಚಿದರೂ ಅವರಿಗೆ ತಪ್ಪುವಂತಿರಲಿಲ್ಲ.

ಕೆಂಪು ಜೆಟ್ಟು ಹಾರಿದ ದಿನ ಅಕ್ಕ ಹೊಸ ಕೌದಿ ಹೊತ್ತು ತಂದಿದ್ದರು. ಸಾಹೇಬರು ರೆಕ್ಕೆ ಸವರಿ, ಮೂಗಿನ ಅಕ್ಷರ ಸವರಿ, "ಹೋಗಿ ಬಾ" ಎಂದು ಎಸೆದರು. ತಗ್ಗಿತು, ಎದ್ದಿತು. ನಾನು ಶುರುಮಾಡಿದೆ. "ಹಡಗಲಿ ಕಡೆ ಹೊಂಟೈತ್ರಿ... ಹರಪನಹಳ್ಳಿಗಿ ತಿರುಗಿಸ್ರಿ... ಕೊಟ್ಟೂರು, ಕೊಟ್ಟೂರು... ಕೂಡ್ಲಿಗಿ ಬ್ಯಾಡ, ಹೊಳ್ಳಿ ಬರ್ರಿ!" ಅವರ ಹೆಬ್ಬೆರಳುಗಳು ನನ್ನ ಮಾತು ಮುಗಿಯುವ ಮೊದಲೇ ಆಡುತ್ತಿದ್ದವು. ಮುಖ ಮೇಲಕ್ಕೆತ್ತಿದ್ದರು, ಆ ಮುಖದಲ್ಲಿ ನಗುವೂ ನೀರೂ ಒಟ್ಟಿಗಿತ್ತು. ಅಕ್ಕ ಹಿಂದೆ ನಿಂತು, "ಇವರ ಬಸ್ ಸ್ಟ್ಯಾಂಡ್ ಇಲ್ಲಿಗೂ ಬಂತು ನೋಡು" ಎಂದು ಹುಸಿಮುನಿಸು ತೋರಿಸಿದರು.

ಇಳಿಸುವ ಹೊತ್ತಾಯಿತು. "ಹೊಸಪೇಟಿ... ಒಂದೀಟು ಕೊಟ್ಟೂರು... ಹೊಸಪೇಟಿ..." ಅಷ್ಟರಲ್ಲಿ ಸಾಹೇಬರೇ ಕೂಗಿದರು, "ಕಂಡಿತ್ರಿ, ಕೌದಿ ಕಂಡಿತು!" ಜೆಟ್ಟು ನಡು ಕೌದಿಗೇ ಬಂದು ಮಲಗಿತು.

ಆಗ ನೋಡಿದೆ. ಆ ಕೌದಿಯ ನಡುವೆ ಬಂಡಿಗಾಲಿಯಗಲ ಹಳದಿ ಬಟ್ಟೆ ಇತ್ತು, ಕಣ್ಣು ಕುಕ್ಕುವ ಹಳದಿ. ಅಕ್ಕ ಹಾಗೆ ಬಣ್ಣ ಜೋಡಿಸಿದವರೇ ಅಲ್ಲ. ನಾನು ಅವರ ಮುಖ ನೋಡಿದ್ದಕ್ಕೆ ತಗ್ಗಿದ ದನಿಯಲ್ಲಿ ಹೇಳಿದರು:

"ಪಲ್ಯ ಬಡಿಸಿದ್ರ ತಾಟಿನ ಆಚಿ ಕೈ ಹಾಕ್ತಾರವ್ವಾ ಈಗೀಗ. ನನಗ ತಿಳಿಯಾಂಗಿಲ್ಲೇನು? ಹೇಳಿದ್ರ ನಾ ಅಳ್ತೀನಂತ ಅವರು ಸುಮ್ನ ಅದಾರ. ಕೇಳಿದ್ರ ಅವರು ಗುಡ್ಡಕ್ಕ ಬರೂದು ಬಿಡ್ತಾರಂತ ನಾ ಸುಮ್ನ ಅದೀನಿ."

ಅವತ್ತು ಮಿರ್ಚಿ ತಿನ್ನುವಾಗ ಮೂವರೂ ಬಹಳ ಮಾತಾಡಿದೆವು. ಕಣ್ಣಿನ ಮಾತೊಂದನ್ನು ಬಿಟ್ಟು.

ಮುಂದಿನ ಆಷಾಢಕ್ಕೆ ಅವರಿಗೆ ಹಳದಿಯೂ ಕಾಣದಾಯಿತು. ಆಗ ಮುಚ್ಚಿಡಲು ಏನೂ ಉಳಿದಿರಲಿಲ್ಲ. ಅಕ್ಕ ರಾಜಾರೋಷವಾಗಿ ಅವರ ಕೈ ಹಿಡಿದು ಗುಡ್ಡ ಹತ್ತಿಸಿದರು. ಒಂದು ಕಡೆ ಗಂಡ, ಇನ್ನೊಂದು ಬಗಲಲ್ಲಿ ಕೌದಿ. ನೆತ್ತಿಯಲ್ಲಿ ನಿಂತು ಸಾಹೇಬರು ರಿಮೋಟನ್ನು ನನ್ನ ಕೈಗಿಟ್ಟರು. ಹಾರಿಸಬೇಕಾದ್ದು ಕೆಂಪು ಜೆಟ್ಟು. ಇದು ಬಿಳಿಯದಲ್ಲ, ಮುರಿದರೆ ಮತ್ತೆ ಕಟ್ಟುವ ಕಣ್ಣಿಲ್ಲ.

"ನಾ ಅದೀನಲ್ರಿ, ಕೂಗ್ತೀನಿ" ಅಂದರು.

ಕಣ್ಣಿಲ್ಲದವರು ಏನು ಕೂಗುತ್ತಾರೆ? ನಾನು ಮರೆತಿದ್ದೆ, ಆ ಜೆಟ್ಟು ಸದ್ದು ಮಾಡುತ್ತಿತ್ತು. ಹತ್ತಿರ ಹಾಯುವಾಗ ಗಾಳಿ ಸೀಳಿ ಸಿಳ್ಳೆ ಹಾಕುತ್ತಿತ್ತು, ಮೂಗು ತಗ್ಗಿದರೆ ಸಿಳ್ಳೆ ಏರುತ್ತಿತ್ತು. ಅವರು ತಲೆ ಒಂದು ಕಡೆ ವಾಲಿಸಿ ನಿಂತರು. "ಹಡಗಲಿಗಿ ಹೋತು, ಬಾಳ ಹೋತು, ಹೊಳ್ಳಸ್ರಿ. ಹರಪನಹಳ್ಳಿ... ಮೂಗು ಎತ್ರಿ ಟೀಚರಮ್ಮ, ಓಡಾಕತ್ತೈತಿ. ಹಾಂ, ಈಗ ಕೊಟ್ಟೂರು." ಎಷ್ಟೋ ವರ್ಷಗಳ ಮೇಲೆ ಆ ದನಿ ಮೈಕಿನಲ್ಲಿದ್ದ ಹಾಗೇ ಕೇಳಿತು, ಅಷ್ಟೇ ಗಟ್ಟಿ, ಅಷ್ಟೇ ನೆಚ್ಚಿಕೆ. ಒಂದು ಸಲ ನನಗೆ ದಿಕ್ಕು ತಪ್ಪಿ, ಜೆಟ್ಟು ನೆತ್ತಿ ದಾಟಿ ಹಿಂದಕ್ಕೆ ಜಾರಿತು. "ಹೊಸಪೇಟಿ! ಹೊಸಪೇಟಿ ಬ್ಯಾಡ!" ಎಂದು ಅವರು ಕೂಗಿದ್ದಕ್ಕೆ ಅದು ಉಳಿಯಿತು. ಇಳಿಸುವಾಗ ಅವರು ಮಾತು ನಿಲ್ಲಿಸಿದರು. ಕೌದಿಯ ಜಾಗ ನನಗೆ ಕಾಣುತ್ತದಲ್ಲ, ಅದಕ್ಕೆ. ಮೆತ್ತಗೆ ದೊಪ್ಪೆಂದಿತು. ಗಾಳಿಯ ಸದ್ದಿನಲ್ಲಿ ಅದು ಅವರಿಗೆ ಕೇಳಿಸಲಿಲ್ಲ.

ಅವರು ಹಾಗೇ ನಿಂತಿದ್ದರು, ಕುತ್ತಿಗೆ ಚಾಚಿ, ಉಸಿರು ಹಿಡಿದು. ನಾನು ಖುಷಿಯಲ್ಲಿ ಕೌದಿಯತ್ತ ಓಡಿದ್ದೆ. ಅಕ್ಕನೇ ಅವರ ಕಿವಿಯ ಹತ್ತಿರ ಹೋಗಿ ಗಟ್ಟಿಯಾಗಿ ಹೇಳಿದರು, "ಬಂತ್ರಿ."

ಅವರು ಕೂತುಬಿಟ್ಟರು. ಕೂತು, ಹೆಂಡತಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ನಮ್ಮ ಕಡೆ ಗಂಡಸರು ನಾಲ್ಕು ಜನರೆದುರು ಹಾಗೆ ಹಿಡಿಯುವವರಲ್ಲ.

ಈ ವರ್ಷ ಬೇಸಿಗೆ ಕಳೆಯುವ ಮುಂಚೆ ಅವರು ಹೋದರು. ಬೆಳಿಗ್ಗೆ ಚಹಾ ಕುಡಿದು ಗೋಡೆಗೆ ಒರಗಿದವರು ಏಳಲಿಲ್ಲ. ಅವತ್ತು ನಿಲ್ದಾಣದಲ್ಲಿ ಡ್ರೈವರುಗಳು ಬಸ್ಸು ಒಳಗೆ ತಂದಾಗಲೆಲ್ಲ ಖಾಲಿ ಬೆಂಚಿನ ಎದುರು ಒಂದು ಗಳಿಗೆ ನಿಲ್ಲಿಸಿ ಹಾರ್ನ್ ಹೊಡೆದರು. ಹಾಗೆ ಮಾಡಿರೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಕೆಂಪು ಜೆಟ್ಟು ಅವರ ಪಡಸಾಲೆಯ ಗೂಟಕ್ಕೆ ತೂಗುತ್ತಿತ್ತು. ಇನ್ನು ಅದು ಅಲ್ಲೇ ಇರಲಿ ಎಂದುಕೊಂಡಿದ್ದೆ. ಮೊನ್ನೆ ರವಿವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ಅಕ್ಕ ನಿಂತಿದ್ದರು, ಬಗಲಲ್ಲಿ ಹಳದಿ ನಡುವಿನ ಕೌದಿ, ಕೈಯಲ್ಲಿ ಜೆಟ್ಟು.

"ಹರಪನಹಳ್ಳಿ ಗಾಳಿ ಎದ್ದೈತಿ ಟೀಚರಮ್ಮ. ನಡಿ."

ಅಕ್ಕ ನನ್ನನ್ನು ಟೀಚರಮ್ಮ ಎಂದು ಕರೆದದ್ದು ಅದೇ ಮೊದಲು. ನೆತ್ತಿಯಲ್ಲಿ ಕೌದಿ ಹಾಸಿ, ಜೆಟ್ಟನ್ನು ತಾವೇ ತಲೆಯ ಮೇಲೆ ಎತ್ತಿ, ಗಾಳಿ ಎಳೆಯುವವರೆಗೆ ಕಾದು ಬಿಟ್ಟರು. ನಾನು ಹಡಗಲಿ ಕಡೆ ಹೋದೆ, ಕೊಟ್ಟೂರ ಕಡೆ ಬಂದೆ. ಯಾರೂ ಕೂಗಲಿಲ್ಲ, ಆದರೂ ಪ್ರತಿ ತಿರುವಿನಲ್ಲಿ ಊರಿನ ಹೆಸರು ನನಗೆ ಕೇಳಿಸಿತು. ಕಣ್ಣು ತುಂಬಿ ಜೆಟ್ಟು ಎರಡಾಗಿ ಕಾಣತೊಡಗಿದಾಗ, ಮುರಿಯುವ ಮೊದಲು ಇಳಿಸಬೇಕೆಂದು ಹೊಳ್ಳಿಸಿದೆ. ಅದು ನೆತ್ತಿ ದಾಟಿ, ತಗ್ಗಿ, ಹಳದಿಯ ಮೇಲೆ ಮಲಗಿತು.

ಅಕ್ಕ ಅದನ್ನು ಎತ್ತಿಕೊಳ್ಳಲಿಲ್ಲ. ಗುಡ್ಡದ ಅಂಚಿಗೆ ಹೋಗಿ ನಿಂತು, ಸೆರಗು ಹಾರದಂತೆ ಸೊಂಟಕ್ಕೆ ಸಿಕ್ಕಿಸಿ, ಎದುರಿನ ಬಯಲಿಗೆ ಕೇಳುವಷ್ಟು ಗಟ್ಟಿಯಾಗಿ ಕೂಗಿದರು.

"ಬಂತ್ರೀ."